ಅಮೆರಿಕದ ನಾಟಕಗಳಲ್ಲಿ ಯಾಕೆ ಇಷ್ಟೊಂದು ಮನೆ ಸಾಲ, ವಿಮೆ ದುಡ್ಡು?

ಕಂಬಳಿಹುಳ
ಎಲ್ಲರಿಗೂ ನಮಸ್ಕಾರ. ಮಗಳು ಬಿ.ಎ. ಎರಡನೇ ವರ್ಷ. ಅಮೆರಿಕನ್ ನಾಟಕದ್ದು ಒಂದು ಪೇಪರ್ ಇದೆ. ರಾತ್ರಿ ಊಟ ಮುಗಿಸಿ ಇಬ್ಬರೂ ಪಾತ್ರ ಹಂಚಿಕೊಂಡು ಜೋರಾಗಿ ಓದುತ್ತೇವೆ. ಹೀಗೇ ಒಂದು ತಿಂಗಳಲ್ಲಿ ಮೂರು ನಾಟಕ ಮುಗಿದವು. ಟೆನೆಸ್ಸೀ ವಿಲಿಯಮ್ಸ್ ಬರೆದ ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್ (1947), ಆರ್ಥರ್ ಮಿಲ್ಲರ್ ಬರೆದ ಡೆತ್ ಆಫ್ ಎ ಸೇಲ್ಸ್‌ಮನ್ (1949), ಲೊರೇನ್ ಹ್ಯಾನ್ಸ್‌ಬೆರಿಯ ಎ ರೇಸಿನ್ ಇನ್ ದ ಸನ್ (1957).

ಓದ್ತಾ ಓದ್ತಾ ಒಂದು ವಿಷಯ ತಲೆಗೆ ಹತ್ತಿಕೊಂಡಿದೆ, ಬಿಡ್ತಾ ಇಲ್ಲ. ಮೂರರಲ್ಲೂ ಜಗಳದ ಬುಡ ಕೆದಕಿದರೆ ಅಲ್ಲೊಂದು ಮನೆ ಸಿಗುತ್ತದೆ. ಸ್ಟ್ರೀಟ್‌ಕಾರ್‌ನಲ್ಲಿ ಬ್ಲಾಂಚ್ ತಂಗಿ ಮನೆಗೆ ಬಂದು ಸೇರಿಕೊಳ್ಳೋದೇ ಬೆಲ್ ರೀವ್ ಅನ್ನೋ ಹಿರಿಯರ ಮನೆ ಸಾಲಕ್ಕೆ ಹೋಗಿದ್ದರಿಂದ. ರೇಸಿನ್‌ನಲ್ಲಿ ಅಪ್ಪ ಸತ್ತ ಮೇಲೆ ಬರೋ 10,000 ಡಾಲರ್ ವಿಮೆ ಚೆಕ್ಕಿಗೆ ಒಂದು ಕಪ್ಪು ಕುಟುಂಬದ ಮನೆಮಂದಿಯೆಲ್ಲ ಬಾಗಿಲು ನೋಡ್ತಾ ಕೂತಿದ್ದಾರೆ. ಇನ್ನು ಸೇಲ್ಸ್‌ಮನ್ ವಿಲ್ಲಿ ಲೋಮನ್. 20,000 ಡಾಲರ್ ವಿಮೆ ದುಡ್ಡು ಮಗನ ಕೈಗೆ ಸಿಗಲಿ ಅಂತ ರಾತ್ರಿ ಕಾರು ಹತ್ತಿ ಹೋಗಿ ಸಾಯುತ್ತಾನೆ. 25 ವರ್ಷ ಕಂತು ಕಟ್ಟಿದ ಮನೆ. ಅವನನ್ನು ಮಣ್ಣು ಮಾಡಿದ ದಿನವೇ ಕೊನೆಯ ಕಂತು ತೀರುತ್ತದೆ. ಹೆಂಡತಿ ಲಿಂಡಾ ಗೋರಿ ಮುಂದೆ ಕೂತು ಅವನಿಗೇ ಹೇಳುತ್ತಾಳೆ, ಇವತ್ತು ಮನೆ ಸಾಲ ತೀರಿಸಿದೆ, ಇನ್ನು ಆ ಮನೆಯಲ್ಲಿ ಯಾರೂ ಇರಲ್ಲ ಅಂತ. ಆ ಮಾತು ನನ್ನ ಪಾಲಿಗೆ ಬಂದಿತ್ತು. ಓದೋಕೆ ಆಗಲಿಲ್ಲ. ಪುಸ್ತಕ ಮಗಳ ಕೈಗೆ ಕೊಟ್ಟುಬಿಟ್ಟೆ.

ನನ್ನ ಪ್ರಶ್ನೆ ಇಷ್ಟೇ. ಇದು ಬರೆದವರು ಒಬ್ಬರನ್ನೊಬ್ಬರು ನೋಡಿ ಕಲಿತದ್ದಾ, ಇಲ್ಲಾ ಆ ದೇಶದ ಬದುಕೇ ಹಾಗಿತ್ತಾ? ಇನ್ನೊಂದು, ವಿಲ್ಲಿ ಸತ್ತಿದ್ದಕ್ಕೆ ಹೊಣೆ ಯಾರು? ಅವನೇ ಅಂತ ಮಗಳು. ನಾನು ಒಪ್ಪಿಲ್ಲ. ಎರಡು ದಿನದಿಂದ ಮನೆಯಲ್ಲಿ ಇದೇ ಮಾತು.

ಓದುಬಾಕ
ಒಂದು ಸಣ್ಣ ತಿದ್ದುಪಡಿ ಮೇಡಂ. ರೇಸಿನ್ 1957 ಅಲ್ಲ, 1959. ಮಾರ್ಚ್ 11ಕ್ಕೆ ನ್ಯೂಯಾರ್ಕಿನ ನಾಟಕಗಳ ಬೀದಿ ಬ್ರಾಡ್‌ವೇಯ ಎಥೆಲ್ ಬ್ಯಾರಿಮೋರ್ ಥಿಯೇಟರಿನಲ್ಲಿ ಶುರುವಾಯಿತು. ಸ್ಟ್ರೀಟ್‌ಕಾರ್ ಕೂಡ 1947ರ ಡಿಸೆಂಬರಿನಲ್ಲಿ ಅದೇ ಥಿಯೇಟರಿನಲ್ಲಿ ಶುರುವಾಗಿದ್ದು. ಕಪ್ಪು ಹೆಣ್ಣುಮಗಳೊಬ್ಬಳು ಬರೆದ ನಾಟಕ ಬ್ರಾಡ್‌ವೇಗೆ ಬಂದಿದ್ದು ರೇಸಿನ್‌ನಿಂದಲೇ ಮೊದಲು. ಆಗ ಹ್ಯಾನ್ಸ್‌ಬೆರಿಗೆ 28 ವರ್ಷ.

ಕಂಬಳಿಹುಳ
ಥ್ಯಾಂಕ್ಸ್. ಮಗಳ ನೋಟ್ಸಲ್ಲೂ ತಿದ್ದಿಸಿದೆ.

ಕಡ್ಲೆಕಾಯಿ
ಮಗಳ ಪರ ನಾನು. ವಿಲ್ಲಿ ಸುಳ್ಳುಗಾರ. ಎಷ್ಟು ಮಾರಿದೆ ಅಂತ ಹೆಂಡತಿಗೇ ಸುಳ್ಳು ಹೇಳುತ್ತಾನೆ. ಬೋಸ್ಟನ್ ಹೋಟೆಲಿನಲ್ಲಿ ಇನ್ನೊಬ್ಬಳ ಜೊತೆ ಮಗನ ಕೈಗೇ ಸಿಕ್ಕಿಬೀಳುತ್ತಾನೆ. ಮನೆಯಲ್ಲಿ ಲಿಂಡಾ ಹರಿದ ಸ್ಟಾಕಿಂಗ್ಸ್ ಹೊಲೀತಾ ಕೂತಿರ್ತಾಳೆ, ಇವನು ಆ ಹೆಂಗಸಿಗೆ ಹೊಸ ಸ್ಟಾಕಿಂಗ್ಸ್ ಡಬ್ಬ ಕೊಟ್ಟು ಬರುತ್ತಾನೆ. ಪಕ್ಕದಲ್ಲಿ ಕಟ್ಟಡ ಕಟ್ಟುವಲ್ಲಿಂದ ಮಕ್ಕಳು ಮರಮುಟ್ಟು ಕದ್ದು ತಂದರೆ ಭೇಷ್ ಅನ್ನುತ್ತಾನೆ.

ಎಲ್ಲಾ ಸಮಾಜದ ತಲೆಗೆ ಕಟ್ಟಬೇಡಿ. ಪಕ್ಕದ ಮನೆ ಚಾರ್ಲಿ ಅದೇ ಊರು, ಅದೇ ಕಾಲ. ಚೆನ್ನಾಗಿಯೇ ಬದುಕಿದ. ಅವನ ಮಗ ಬರ್ನಾರ್ಡ್ ಸುಪ್ರೀಂ ಕೋರ್ಟಿನಲ್ಲಿ ವಾದ ಮಾಡೋ ವಕೀಲನಾದ. ಚಾರ್ಲಿ ಕರೆದು ಕೆಲಸ ಕೊಡ್ತೀನಿ ಅಂದರೂ ವಿಲ್ಲಿ ಬೇಡ ಅಂದ. ಕೆಲಸ ಬೇಡ, ವಾರವಾರ 50 ಡಾಲರ್ ಕೈಸಾಲ ಬೇಕು!

ತುಂಗೆಯದಡ
ಕಡ್ಲೆಕಾಯಿ ಅವರೇ, ನೀವು ಸೇಲ್ಸ್‌ನಲ್ಲಿ ಒಂದು ದಿನವಾದರೂ ಕೆಲಸ ಮಾಡಿದ್ದೀರಾ? ನಾನು 19 ವರ್ಷ ಮೆಡಿಕಲ್ ರೆಪ್ ಆಗಿದ್ದವನು. ಬ್ಯಾಗು, ಬಸ್ಸು, ಡಾಕ್ಟರ ಕೋಣೆಯ ಹೊರಗಿನ ಬೆಂಚು. ವಿಲ್ಲಿಯ ಬಾಸ್ ಹಾವರ್ಡ್ ಆಫೀಸಿನ ದೃಶ್ಯ ಇನ್ನೊಂದ್ಸಲ ಓದಿ ನೋಡಿ.

ವಿಲ್ಲಿಗೆ 63 ವರ್ಷ. ಸಂಬಳ ಆಗಲೇ ನಿಲ್ಲಿಸಿಬಿಟ್ಟಿದ್ದಾರೆ, ಬರೀ ಕಮಿಷನ್. ಊರೂರು ಸುತ್ತಲಾರೆ, ನ್ಯೂಯಾರ್ಕಿನಲ್ಲೇ ಏನಾದರೂ ಕೆಲಸ ಕೊಡಿ ಅಂತ ಕೇಳೋಕೆ ಹೋಗುತ್ತಾನೆ. ಹಾವರ್ಡ್ ಅವನ ಮುಂದೆ ಹುಟ್ಟಿದ ಹುಡುಗ. ಹೊಸದಾಗಿ ತಂದ ರೆಕಾರ್ಡಿಂಗ್ ಮೆಷಿನ್ ಹಾಕಿಕೊಂಡು ಕೂತಿದ್ದಾನೆ. ಅವನ ಮಗ ರಾಜ್ಯಗಳ ರಾಜಧಾನಿ ಒಪ್ಪಿಸೋದನ್ನು ವಿಲ್ಲಿ ನಿಂತುಕೊಂಡು ಕೇಳಬೇಕು. ಆಮೇಲೆ ಬಾಯಿ ಬಿಟ್ಟು ಕೇಳುತ್ತಾನೆ, ವಾರಕ್ಕೆ 65 ಡಾಲರ್ ಕೊಡು ಸಾಕು. ಇಲ್ಲ. 50? ಇಲ್ಲ. 40? ಅದೂ ಇಲ್ಲ. ಜೀವನವಿಡೀ ಸರಕು ಮಾರಿದವನು ಕೊನೆಗೆ ತನ್ನನ್ನೇ ಮಾರೋಕೆ ನಿಂತು, ಸಂತೆ ಮುಗಿಯೋ ಹೊತ್ತಿಗೆ ಸೊಪ್ಪಿನವರು ರೇಟು ಇಳಿಸುವ ಹಾಗೆ ಇಳಿಸ್ತಾ ಹೋಗುತ್ತಾನೆ. ಹಣ್ಣು ತಿಂದು ಸಿಪ್ಪೆ ಎಸೆಯೋ ಹಾಗೆ ಮನುಷ್ಯನನ್ನು ಎಸೀಬೇಡ ಅಂತ ಅವನು ಕೂಗೋದು ಇಲ್ಲೇ.

ನನಗೆ 45 ಆದಾಗ ನಮ್ಮ ಕಂಪನಿಯ ರೀಜನಲ್ ಮ್ಯಾನೇಜರ್ ಹೀಗೇ ಕೂರಿಸಿಕೊಂಡು ಮಾತಾಡಿದ್ದ. ನನಗಿಂತ ಹತ್ತು ವರ್ಷ ಚಿಕ್ಕವನು. ಮಾತಾಡೋ ಉದ್ದಕ್ಕೂ ಮೊಬೈಲ್ ನೋಡ್ತಾ ಇದ್ದ. ವಿಲ್ಲಿ ಸುಳ್ಳು ಹೇಳಿದ, ನಿಜ. ಆದರೆ ಆ ಕೆಲಸ ದಿನಾ ಬೆಳಗ್ಗೆ ಎದ್ದು ನಗು ಹಾಕಿಕೊಂಡು ಹೋಗು ಅನ್ನುತ್ತದೆ. ಆ ನಗು ಮನೆಗೆ ಬಂದ ಮೇಲೂ ಬೇಗ ಕಳಚಲ್ಲ.

ಬೆಳ್ಳಿಚುಕ್ಕಿ
ತುಂಗೆಯವರೇ, ಓದಿ ಸಂಕಟ ಆಯ್ತು.

ಕಡ್ಲೆಕಾಯಿ
ಹಾವರ್ಡ್ ಮಾಡಿದ್ದು ಸರಿ ಅಂತ ನಾನೆಲ್ಲಿ ಹೇಳಿದೆ? ನಿಮ್ಮ ಅನುಭವಕ್ಕೆ ಗೌರವ ಇದೆ. ಆದರೂ ಚಾರ್ಲಿ ಕೊಟ್ಟ ಕೆಲಸ ಯಾಕೆ ಬೇಡ ಅಂದ ಅನ್ನೋದಕ್ಕೆ ಉತ್ತರ ಬರಲಿಲ್ಲ.

ಪಾಲಿಸಿಅಣ್ಣ
ನಾನು 31 ವರ್ಷ ವಿಮಾ ಏಜೆಂಟ್. ಈ ನಾಟಕ ಕಾಲೇಜಲ್ಲಿ ಓದಿದ್ದೆ, ಈ ಚರ್ಚೆ ನೋಡಿ ನಿನ್ನೆ ರಾತ್ರಿ ಮತ್ತೆ ತೆಗೆದೆ. ಇದುವರೆಗೆ ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ.

ಎರಡನೇ ಅಂಕದ ಶುರುವಿನಲ್ಲಿ ಲಿಂಡಾ ತಿಂಗಳ ಖರ್ಚು ಲೆಕ್ಕ ಹಾಕುತ್ತಾಳೆ. ಕಾರಿನ ರಿಪೇರಿ, ಫ್ರಿಜ್ಜಿನ ಕಂತು, ಮನೆಯ ಕೊನೆಯ ಕಂತು. ಜೊತೆಗೆ ವಿಮೆ ಪ್ರೀಮಿಯಂ, 108 ಡಾಲರ್ 68 ಸೆಂಟ್ಸ್. ಅದು ಗ್ರೇಸ್ ಪೀರಿಯಡ್‌ಗೆ ಬಿದ್ದಿದೆ ಅಂತಾಳೆ. ನಮ್ಮ ಕಸುಬಿನವರಿಗೆ ಇದನ್ನು ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಗ್ರೇಸ್ ದಿನಗಳು ಮುಗಿಯೋದರೊಳಗೆ ಕಟ್ಟದಿದ್ದರೆ ಪಾಲಿಸಿ ಲ್ಯಾಪ್ಸ್. ಅಲ್ಲಿಗೆ 20,000 ಡಾಲರ್ ಬರೀ ಕಾಗದ. ಹಾವರ್ಡ್ ಹತ್ತಿರ ಮುಂಗಡ ಕೇಳಿ ಬಾ ಅಂತ ಕಳಿಸುತ್ತಾಳೆ. ಅವನು ಕೆಲಸದಿಂದಲೇ ತೆಗೆಯುತ್ತಾನೆ. ಆಗ ವಿಲ್ಲಿ ಸೀದಾ ಚಾರ್ಲಿ ಆಫೀಸಿಗೆ ಹೋಗಿ 110 ಡಾಲರ್ ಬೇಕು ಅನ್ನುತ್ತಾನೆ. ಅಂದರೆ ಅವನ ಸಾವಿಗೆ ಬೆಲೆ ಬರೋ ಹಾಗೆ ಪಾಲಿಸಿಯನ್ನು ಜೀವಂತ ಇಟ್ಟಿದ್ದೇ ಚಾರ್ಲಿಯ ದುಡ್ಡು. ಪಾಪ, ಚಾರ್ಲಿಗೆ ಅದು ಗೊತ್ತಿಲ್ಲ. ಸತ್ತವನಿಗೆ ಮೂರು ಕಾಸಿನ ಬೆಲೆ ಇಲ್ಲ ಅಂತ ಅವನು ಅಲ್ಲೇ ಗದರಿಸಿಯೂ ಕಳಿಸುತ್ತಾನೆ.

ಓದುಬಾಕ
ಇದನ್ನು ನಾನು ಗಮನಿಸಿಯೇ ಇರಲಿಲ್ಲ! ಹಾಗಾದರೆ ಅಣ್ಣ, ಕ್ಲೈಮ್ ಸಿಗುತ್ತಿತ್ತಾ? ಆತ್ಮಹತ್ಯೆ ಅಲ್ವಾ?

ಪಾಲಿಸಿಅಣ್ಣ
ಅಮೆರಿಕದಲ್ಲಿ ಸಾಮಾನ್ಯವಾಗಿ ಪಾಲಿಸಿ ಮಾಡಿಸಿದ 2 ವರ್ಷದೊಳಗೆ ಆತ್ಮಹತ್ಯೆ ಆದರೆ ಕೊಡಲ್ಲ. ನಮ್ಮಲ್ಲಿ 1 ವರ್ಷ. ವಿಲ್ಲಿಯ ಪಾಲಿಸಿ ಎಷ್ಟು ಹಳೆಯದು ಅಂತ ನಾಟಕದಲ್ಲಿ ಎಲ್ಲೂ ಬರಲ್ಲ. ಆದರೆ ಮೊದಲನೇ ಅಂಕದಲ್ಲಿ ಲಿಂಡಾ ಮಕ್ಕಳಿಗೆ ಹೇಳುತ್ತಾಳಲ್ಲ, ವಿಮೆಯವರ ಇನ್‌ಸ್ಪೆಕ್ಟರ್ ಬಂದಿದ್ದ, ಹೋದ ವರ್ಷದ ಕಾರು ಅಪಘಾತಗಳು ಅಪಘಾತಗಳೇ ಅಲ್ಲ ಅಂತಾನೆ, ಸಾಕ್ಷಿ ಇದೆ ಅಂತಾನೆ ಅಂತ. ಅಂದರೆ ಫೈಲು ಆಗಲೇ ಕೆಂಪಾಗಿದೆ. ವಿಲ್ಲಿಯ ತಲೆಯೊಳಗೆ ಬರೋ ಅಣ್ಣ ಬೆನ್ ಕೂಡ ಅವರು ದುಡ್ಡು ಕೊಡದೇ ಇರಬಹುದು ಅಂತ ಎಚ್ಚರಿಸುತ್ತಾನೆ. ಕೊನೆಯ ದೃಶ್ಯದಲ್ಲಿ ಮನೆಯ ಕಂತು ತೀರಿದ ಸುದ್ದಿ ಬರುತ್ತದೆ. ವಿಮೆ ದುಡ್ಡಿನ ಸುದ್ದಿ ಒಂದಕ್ಷರ ಇಲ್ಲ.

ನಾಮಿನಿ ಕಣ್ಣಲ್ಲಿ ನೋಡಿ ಅಭ್ಯಾಸ ಆದವನಿಗೆ ಆ ಮೌನ ಎಷ್ಟು ಭಾರ ಅಂತ ನಿಮಗೆ ಹೇಗೆ ಹೇಳಲಿ.

ರಂಗದಹಿಂದೆ
ನಾನು ಹವ್ಯಾಸಿ ತಂಡದಲ್ಲಿ ಲೈಟು, ಸೆಟ್ಟು ನೋಡಿಕೊಳ್ಳುವವನು. ಮನೆ ಅಂತ ಬಂದಿದ್ದಕ್ಕೆ ಹೇಳುತ್ತೇನೆ. 1949ರ ಫೆಬ್ರವರಿ 10ಕ್ಕೆ ಮೊರೊಸ್ಕೊ ಥಿಯೇಟರಿನಲ್ಲಿ ಶುರುವಾದಾಗ ಸೆಟ್ಟು ಜೋ ಮೀಲ್ಸೈನರ್‌ದು. ಆ ಮನೆಗೆ ಪೂರ್ತಿ ಗೋಡೆ ಇಲ್ಲ, ಬರೀ ಚೌಕಟ್ಟು. ಹಿಂದೆ ಎತ್ತೆತ್ತರದ ಅಪಾರ್ಟ್‌ಮೆಂಟುಗಳು ಮನೆಯನ್ನು ಹಿಸುಕುವ ಹಾಗೆ ನಿಂತಿವೆ. ಈಗಿನ ಕಾಲದ ದೃಶ್ಯ ನಡೆಯುವಾಗ ನಟರು ಬಾಗಿಲಿಂದಲೇ ಬರಬೇಕು. ಹಳೇ ನೆನಪಿನ ದೃಶ್ಯ ಆದರೆ ಗೋಡೆ ದಾಟಿಕೊಂಡೇ ಮುಂದೆ ಬರುತ್ತಾರೆ. ಯಾವ ಕಾಲದಲ್ಲಿ ಇದ್ದೇವೆ ಅಂತ ನೋಡುವವರಿಗೆ ನಟರ ಕಾಲೇ ಹೇಳುತ್ತದೆ. 742 ಪ್ರದರ್ಶನ ಆಯಿತು. ವಿಲ್ಲಿ ಪಾತ್ರ ಲೀ ಜೆ. ಕಾಬ್, ನಿರ್ದೇಶನ ಎಲಿಯಾ ಕಜಾನ್.

ನಾವೊಮ್ಮೆ ಈ ಉಪಾಯವನ್ನು ನಮ್ಮದೇ ಒಂದು ನಾಟಕದಲ್ಲಿ ಮಾಡೋಕೆ ಹೋಗಿ ತಿಂಗಳು ಒದ್ದಾಡಿದೆವು. ನಟರು ಮರೆತು ಬಾಗಿಲಿಗೇ ಹೋಗುತ್ತಿದ್ದರು. ನೆಲದ ಮೇಲೆ ಎರಡು ಬಣ್ಣದ ಟೇಪು ಅಂಟಿಸಿದ ಮೇಲೆ ಸರಿಹೋಯಿತು.

ಕಡ್ಲೆಕಾಯಿ
ಕಜಾನ್ ಅಂದರೆ 1952ರಲ್ಲಿ ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಸಂಸತ್ತಿನ ಸಮಿತಿ ಮುಂದೆ ಹೋಗಿ ಗೆಳೆಯರ ಹೆಸರು ಹೇಳಿ ಬಂದವನು ತಾನೇ?

ರಂಗದಹಿಂದೆ
ಹೌದು, ಅವನೇ. ಮಿಲ್ಲರ್‌ಗೂ ಅವನಿಗೂ ಅಲ್ಲಿಗೆ ಮಾತು ಬಿಟ್ಟುಹೋಯಿತು. ಇಂಥದೇ ಬೇಟೆಯ ಕಥೆ ಇರುವ ದ ಕ್ರೂಸಿಬಲ್ ನಾಟಕವನ್ನು ಮಿಲ್ಲರ್ 1953ರಲ್ಲಿ ರಂಗಕ್ಕೆ ತಂದ. 1956ರಲ್ಲಿ ಅವನನ್ನೂ ಕರೆಸಿದರು. ಬೇರೆಯವರ ಹೆಸರು ಹೇಳಲ್ಲ ಅಂದ. ಶಿಕ್ಷೆ ಆಯಿತು, 1958ರಲ್ಲಿ ಮೇಲಿನ ಕೋರ್ಟು ತಳ್ಳಿಹಾಕಿತು. ಆದರೆ ಕಜಾನ್ ಕೈಯಲ್ಲಿ ಸೇಲ್ಸ್‌ಮನ್ ಎದ್ದು ನಿಂತಿದ್ದೂ ಅಷ್ಟೇ ನಿಜ. ಈ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳೋದು ನನಗೆ ಇವತ್ತಿಗೂ ಕಷ್ಟ.

ಮೇಷ್ಟ್ರು_ನಿವೃತ್ತ
ಮೂಲ ಪ್ರಶ್ನೆಗೆ ಬರೋಣ. ಮೇಡಂ ಹಿಡಿದ ಎಳೆ ಸರಿಯಾಗಿದೆ.

ಬ್ರಾಡ್‌ವೇಯವರು ಒಬ್ಬರನ್ನೊಬ್ಬರು ನೋಡಿ ಬರೆದದ್ದಲ್ಲ. ಆ ದೇಶದಲ್ಲಿ 1930ರ ದಶಕದಿಂದ ಈಚೆಗೆ ಮನೆ ಸಾಲವೇ ಬದುಕಿನ ನಡುಗಂಬ ಆಯಿತು. 1920ರ ದಶಕದಲ್ಲಿ ಸಾಲ ಹೆಚ್ಚಾಗಿ 5-10 ವರ್ಷದ್ದು. ಬಡ್ಡಿ ಕಟ್ಟಿಕೊಂಡು ಹೋಗಿ ಕೊನೆಗೆ ಅಸಲು ಒಂದೇ ಸಲ ಕಟ್ಟಬೇಕು, ಇಲ್ಲಾ ಹೊಸ ಸಾಲ ಎತ್ತಬೇಕು. 1929ರಲ್ಲಿ ಷೇರುಪೇಟೆ ಬಿದ್ದು ಬ್ಯಾಂಕುಗಳು ಮುಳುಗಿದಾಗ ಹೊಸ ಸಾಲ ಯಾರು ಕೊಡುತ್ತಾರೆ? ಮನೆಗಳು ರಾಶಿ ರಾಶಿ ಹರಾಜಿಗೆ ಬಂದವು. ಮಿಲ್ಲರ್ ಅಪ್ಪನದ್ದು ದೊಡ್ಡ ಕೋಟು ವ್ಯಾಪಾರ. ಅದೂ ಆಗಲೇ ಮುಳುಗಿತು. ಮ್ಯಾನ್‌ಹ್ಯಾಟನ್ ಬಿಟ್ಟು ಬ್ರೂಕ್ಲಿನ್ನಿನ ಸಣ್ಣ ಮನೆಗೆ ಬಂದರು. ಆ ಹುಡುಗ ಅದನ್ನು ಕಣ್ಣಾರೆ ಕಂಡವನು.

ಆಮೇಲೆ ರೂಸ್‌ವೆಲ್ಟ್ ಸರ್ಕಾರ 1934ರಲ್ಲಿ ಎಫ್‌ಎಚ್‌ಎ ಅಂತ ಮನೆ ಸಾಲದ ಒಂದು ಸರ್ಕಾರಿ ಸಂಸ್ಥೆ ಮಾಡಿ, ತಿಂಗಳ ಕಂತಿನ ದೀರ್ಘ ಸಾಲಗಳಿಗೆ ಸರ್ಕಾರವೇ ಗ್ಯಾರಂಟಿ ನಿಲ್ಲುವ ಪದ್ಧತಿ ತಂದಿತು. ಯುದ್ಧದಿಂದ ಬಂದ ಸೈನಿಕರಿಗೆ 1944ರಲ್ಲಿ ಇನ್ನೊಂದು ಕಾನೂನು. ಮನೆ ಇದ್ದವನೇ ಗೌರವಸ್ಥ ಅನ್ನುವ ಮಾತು ಮನೆಮನೆಗೂ ಇಳಿಯಿತು.

ಆದರೆ ಈ ಬಾಗಿಲು ಎಲ್ಲರಿಗೂ ತೆರೆಯಲಿಲ್ಲ. ಕಪ್ಪು ಜನ ಇರುವ ಬೀದಿಗಳನ್ನು ಸರ್ಕಾರದ ನಕ್ಷೆಯಲ್ಲೇ ಕೆಂಪು ಬಣ್ಣ ಬಳಿದು ಇಲ್ಲಿ ಸಾಲ ಕೊಟ್ಟರೆ ಅಪಾಯ ಅಂತ ಗುರುತು ಮಾಡಿದರು. ಬಿಳಿಯರ ಬಡಾವಣೆಗಳಲ್ಲಿ ಇವರಿಗೆ ಮನೆ ಮಾರಬಾರದು ಅಂತ ಪತ್ರದಲ್ಲೇ ಬರೆದುಕೊಂಡರು. ಹ್ಯಾನ್ಸ್‌ಬೆರಿಯ ಅಪ್ಪ 1937ರಲ್ಲಿ ಶಿಕಾಗೋದ ಅಂಥ ಒಂದು ಬೀದಿಯಲ್ಲಿ ಮನೆ ಕೊಂಡರು. ಮನೆ ಮುಂದೆ ಗುಂಪು ಸೇರಿತು, ಕಲ್ಲು ಬಿತ್ತು. ಒಂದು ಇಟ್ಟಿಗೆ ಚೂರು ಪುಟ್ಟ ಲೊರೇನ್‌ಗೆ ತಾಗುವುದು ಸ್ವಲ್ಪದರಲ್ಲಿ ತಪ್ಪಿತು. ಅಪ್ಪ ಕೋರ್ಟು ಅಲೆಯುತ್ತಿದ್ದಾಗ ಅಮ್ಮ ರಾತ್ರಿಯೆಲ್ಲ ಪಿಸ್ತೂಲು ಹಿಡಿದು ಮನೆ ಕಾಯುತ್ತಿದ್ದಳು. ಅದೇ ಮಗು ಮುಂದೆ ರೇಸಿನ್ ಬರೆದದ್ದು.

ಮಳೆಗಾಲ
ಅವರ ಅಪ್ಪ ಆ ಕೇಸು ಸುಪ್ರೀಂ ಕೋರ್ಟಲ್ಲಿ ಗೆದ್ದರಲ್ಲ ಮೇಷ್ಟ್ರೇ? 1940ರಲ್ಲಿ. ಅಲ್ಲಿಗೆ ಆ ಪತ್ರಗಳು ರದ್ದಾದವು ಅಂದುಕೊಂಡಿದ್ದೆ.

ಮೇಷ್ಟ್ರು_ನಿವೃತ್ತ
ಇಲ್ಲ. ಗೆದ್ದಿದ್ದು ಹೌದು, ಆದರೆ ತಾಂತ್ರಿಕ ಕಾರಣಕ್ಕೆ. ಹಿಂದಿನ ಒಂದು ಕೇಸಿನ ತೀರ್ಪಿಗೆ ಇವರನ್ನು ಕಟ್ಟಿಹಾಕೋಕೆ ಆಗಲ್ಲ ಅಂತ ಅಷ್ಟೇ. ಅಂಥ ಕರಾರುಗಳೇ ತಪ್ಪು ಅಂತ ಕೋರ್ಟು ಆಗ ಹೇಳಲಿಲ್ಲ. 1948ರಲ್ಲಿ ಬೇರೊಂದು ಕೇಸಿನಲ್ಲಿ, ಕೋರ್ಟುಗಳು ಅವನ್ನು ಜಾರಿ ಮಾಡುವಂತಿಲ್ಲ ಅಂದಿತು. ಮನೆ ಮಾರುವಾಗ, ಬಾಡಿಗೆ ಕೊಡುವಾಗ ಭೇದ ಮಾಡಬಾರದು ಅಂತ ಕಾನೂನು ಬಂದಿದ್ದು 1968ರಲ್ಲಿ.

ನಾಟಕ ಬಂದಿದ್ದು ಇವೆರಡರ ನಡುವೆ. ಅದಕ್ಕೇ ಬಿಳಿಯರ ಬೀದಿಯಲ್ಲಿ ಮನೆ ಕೊಂಡ ಆ ಕುಟುಂಬದ ಹತ್ತಿರ ಲಿಂಡ್ನರ್ ಅನ್ನೋ ಬಿಳಿಯವನು ಕೋರ್ಟಿನ ಕಾಗದ ಹಿಡಿದು ಬರಲ್ಲ. ಟೋಪಿ, ಬ್ರೀಫ್‌ಕೇಸ್ ಹಿಡಿದು ಬಹಳ ಮರ್ಯಾದೆಯಿಂದ ಬರುತ್ತಾನೆ. ನಮ್ಮ ಬಡಾವಣೆ ಸಂಘದವರು ನಿಮ್ಮ ಮನೆಯನ್ನು ಲಾಭಕ್ಕೇ ವಾಪಸ್ ಕೊಳ್ಳುತ್ತೇವೆ, ಬರಬೇಡಿ ಅಂತಾನೆ. ಮೇಡಂ, ಆ ಪಾತ್ರ ಓದುವಾಗ ಮಗಳಿಗೆ ದನಿ ಏರಿಸಬೇಡ ಅನ್ನಿ. ಮೆತ್ತಗೆ ಓದಿದಷ್ಟೂ ಮೈ ಉರಿಯುತ್ತದೆ.

ಸಿಯಾಟಲ್‌ವಾಸಿ
ಇದು ನನ್ನ ಮನೆಯ ಕಥೆ, ಹೇಳಲೇಬೇಕು. ನಾವು ಮೂಲತಃ ಶಿವಮೊಗ್ಗದವರು. ಸಿಯಾಟಲ್‌ನಲ್ಲಿ ಆರು ವರ್ಷದ ಹಿಂದೆ 1940ರ ದಶಕದ ಒಂದು ಹಳೇ ಮನೆ ಕೊಂಡೆವು. ಗೃಹಪ್ರವೇಶ ಎಲ್ಲಾ ಮಾಡಿದೆವು. ಆಮೇಲೊಂದು ದಿನ ಯಾವುದೋ ಕೆಲಸಕ್ಕೆ ಅಂತ ಮನೆಯ ಹಳೇ ಪತ್ರಗಳನ್ನು ಕೌಂಟಿ ದಾಖಲೆಯಿಂದ ತೆಗೆಸಿದೆವು. ಟೈಪ್ ಮಾಡಿದ ಹಾಳೆ. ಬೇಲಿ ಇಷ್ಟೇ ಎತ್ತರ ಇರಬೇಕು, ಕೋಳಿ ಸಾಕಬಾರದು ಅಂತ ಇರುವ ಸಾಲುಗಳ ನಡುವೆ ಒಂದು ಸಾಲು. ಬಿಳಿಯರಲ್ಲದ ಯಾರೂ ಈ ಜಾಗದಲ್ಲಿ ವಾಸ ಮಾಡುವಂತಿಲ್ಲ, ಮನೆಗೆಲಸದವರನ್ನು ಬಿಟ್ಟು.

ನನ್ನ ಯಜಮಾನರು ಎರಡು ಸಲ ಓದಿದರು. ನಮ್ಮತ್ತೆ ಪಕ್ಕದಲ್ಲೇ ಕೂತು ಹುರುಳಿಕಾಯಿ ನಾರು ತೆಗೀತಿದ್ದರು. ಏನಂತೆ ಅಂದರು. ಹೇಳಿದೆ. ಹಾಗಾದರೆ ಆಗಿನ ಲೆಕ್ಕದಲ್ಲಿ ನಾವು ಅಡುಗೆಮನೆಗೆ ಮಾತ್ರ ಬರಬಹುದಿತ್ತು ಅನ್ನು ಅಂದರು. ಆಮೇಲೆ ಅವರೂ ಮಾತಾಡಲಿಲ್ಲ, ನಾವೂ ಮಾತಾಡಲಿಲ್ಲ.

ಈಗ ಅದಕ್ಕೆ ಕಿಮ್ಮತ್ತಿಲ್ಲ, ಜಾರಿ ಮಾಡೋಕೂ ಆಗಲ್ಲ. ತೆಗೆಸೋಕೆ ಅರ್ಜಿ ಹಾಕಬಹುದು. ಆದರೆ ಭಾರತೀಯರಿಗೂ ಇದು ತಾಗುತ್ತಿತ್ತು ಅನ್ನೋದು ನೆನಪಿರಲಿ. ಭಾರತೀಯರು ಬಿಳಿಯರ ಲೆಕ್ಕಕ್ಕೆ ಬರಲ್ಲ ಅಂತ 1923ರಲ್ಲಿ ಭಗತ್ ಸಿಂಗ್ ಥಿಂಡ್ ಕೇಸಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಹೇಳಿತ್ತು. ರೇಸಿನ್ ನಾನು ಓದಿದ್ದು ಆ ಹಾಳೆ ನೋಡಿದ ಮೇಲೆ. ನಾಟಕದ ಅಮ್ಮ ಆ ಬಿಳಿಯರ ಬೀದಿಯಲ್ಲೇ ಮನೆ ಯಾಕೆ ಕೊಂಡಳು ಅಂತ ಮನೆಯವರು ಕೇಳಿದಾಗ ಅವಳು ದೊಡ್ಡ ಮಾತೇನೂ ಆಡಲ್ಲ. ಕಪ್ಪು ಜನರಿಗೆ ಅಂತ ಕಟ್ಟಿದ ಮನೆಗಳಿಗೆ ದುಪ್ಪಟ್ಟು ರೇಟು, ಇದ್ದ ದುಡ್ಡಿಗೆ ಇದು ಸಿಕ್ಕಿತು ಅಂತಾಳೆ. ಅಷ್ಟೇ. ನಾವೂ ಮನೆ ನೋಡುವಾಗ ಹಾಗೇ ನೋಡಿದ್ದು.

ಕಂಬಳಿಹುಳ
ಅತ್ತೆಯವರ ಮಾತು ಓದಿ ಸ್ವಲ್ಪ ಹೊತ್ತು ಏನೂ ಬರೆಯೋಕೆ ಆಗಲಿಲ್ಲ. ಮಗಳಿಗೂ ತೋರಿಸಿದೆ.

ಪಾಲಿಸಿಅಣ್ಣ
ರೇಸಿನ್‌ನಲ್ಲಿ ಆ 10,000 ಹೇಗೆ ಹಂಚಿಹೋಯಿತು ಅಂತಲೂ ನೋಡಬೇಕು. ಮನೆಗೆ ಮುಂಗಡ 3,500. ಮಿಕ್ಕಿದ್ದು 6,500 ಮಗ ವಾಲ್ಟರ್ ಕೈಗೆ. ಅದರಲ್ಲಿ 3,000 ತಂಗಿಯ ಡಾಕ್ಟರ್ ಓದಿಗೆ ತೆಗೆದಿಡು ಅಂದಿರುತ್ತಾಳೆ ಅಮ್ಮ. ಅವನು ಪೂರ್ತಿ 6,500 ಹೆಂಡದಂಗಡಿ ಪಾಲುದಾರಿಕೆಗೆ ಅಂತ ಕೊಟ್ಟು ಕಳಕೊಳ್ಳುತ್ತಾನೆ. ಕ್ಲೈಮ್ ದುಡ್ಡು ಬಂದ ಮನೆಯಲ್ಲಿ ಜಗಳ ಆಗೋದು ನಾನು ಎಷ್ಟು ನೋಡಿದ್ದೇನೋ. ದುಡ್ಡು ಬಂದ ದಿನ ಎಲ್ಲರಿಗೂ ಸತ್ತವರ ಆಸೆ ಏನಿತ್ತು ಅಂತ ನೆನಪಾಗುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಆಸೆ.

ಕಡ್ಲೆಕಾಯಿ
ಎಲ್ಲಾ ಸರಿ, ಆದರೆ ಎಲ್ಲಾ ನಾಟಕಕ್ಕೂ ಇದನ್ನೇ ಅಂಟಿಸೋಕೆ ಆಗಲ್ಲ. ಥಾರ್ನ್‌ಟನ್ ವೈಲ್ಡರ್‌ನ ಅವರ್ ಟೌನ್ (1938) ತಗೊಳ್ಳಿ. ಅಲ್ಲಿ ಮನೆಯೇ ಇಲ್ಲ. ಖಾಲಿ ರಂಗ, ಎರಡು ಮೇಜು, ಒಂದಷ್ಟು ಕುರ್ಚಿ, ಏಣಿ. ಕ್ಲಿಫರ್ಡ್ ಒಡೆಟ್ಸ್‌ನ ವೇಟಿಂಗ್ ಫಾರ್ ಲೆಫ್ಟಿ (1935) ಟ್ಯಾಕ್ಸಿ ಡ್ರೈವರುಗಳ ಮೀಟಿಂಗು. ಅಲ್ಲೂ ಮನೆ ಇಲ್ಲ.

ಓದುಬಾಕ
ಲೆಫ್ಟಿಯಲ್ಲಿ ಇದೆ ರೀ! ಡ್ರೈವರ್ ಜೋ ಮನೆಗೆ ಬಂದ ತಕ್ಷಣ ಕೇಳೋದೇ ಸಾಮಾನೆಲ್ಲ ಎಲ್ಲಿ ಅಂತ. ಕಂತು ಕಟ್ಟಿಲ್ಲ, ಹೊತ್ತುಕೊಂಡು ಹೋದರು ಅಂತಾಳೆ ಹೆಂಡತಿ ಎಡ್ನಾ. ಆ ಖಾಲಿ ಕೋಣೆಯಲ್ಲಿ ನಿಂತೇ ಅವಳು ಅವನನ್ನು ಮುಷ್ಕರಕ್ಕೆ ಹುರಿದುಂಬಿಸುತ್ತಾಳೆ. ನಾಟಕದ ಕೊನೆಗೆ ಪ್ರೇಕ್ಷಕರೂ ನಟರ ಜೊತೆ ಸೇರಿ ಮುಷ್ಕರ ಮುಷ್ಕರ ಅಂತ ಕೂಗಿದರಂತೆ, ಮೊದಲ ಪ್ರದರ್ಶನದಲ್ಲೇ.

ಕಡ್ಲೆಕಾಯಿ
ಹೌದಲ್ಲ. ಎಡ್ನಾ ಮರೆತೇ ಹೋಗಿತ್ತು. ಅವರ್ ಟೌನ್ ಮಾತ್ರ ಬಿಡಲ್ಲ.

ಮಳೆಗಾಲ
ಯೂಜೀನ್ ಓನೀಲ್‌ನನ್ನು ಯಾರೂ ಎತ್ತಲಿಲ್ಲ ಯಾಕೆ? ಲಾಂಗ್ ಡೇಸ್ ಜರ್ನಿ ಇಂಟು ನೈಟ್ ನನಗೆ ಇವೆಲ್ಲಕ್ಕಿಂತ ದೊಡ್ಡದು. ಅಪ್ಪ ಟೈರೋನ್ ಹೆಸರಾಂತ ನಟ. ಕೈಗೆ ದುಡ್ಡು ಬಂದರೆ ಜಮೀನು ಕೊಳ್ಳುತ್ತಾನೆ. ಆದರೆ ಕಿರಿ ಮಗನಿಗೆ ಕ್ಷಯ ಅಂತ ಗೊತ್ತಾದಾಗ ಅಗ್ಗದ ಸರ್ಕಾರಿ ಆಸ್ಪತ್ರೆ ಸಾಕು ಅಂತ ಲೆಕ್ಕ ಹಾಕುತ್ತಾನೆ. ಕೊನೆಯ ಅಂಕದಲ್ಲಿ ಮಗನ ಮೇಲಿನ ಸಿಟ್ಟಿಗೆ ಬಲ್ಬುಗಳನ್ನೆಲ್ಲ ಒಂದೊಂದಾಗಿ ಹಾಕುತ್ತಾನೆ. ಸಿಟ್ಟು ಇಳಿದು, ತನ್ನ ಬಡತನದ ಬಾಲ್ಯ ಹೇಳಿಕೊಂಡು, ಆಮೇಲೆ ಕರೆಂಟು ದಂಡ ಅಂತ ಮತ್ತೆ ಅವನ್ನು ಆರಿಸುತ್ತಾನೆ. ನಮ್ಮಜ್ಜ ಹೀಗೇ ಇದ್ದರು, ಬೀರುವಿನಲ್ಲಿ ಪಹಣಿ, ಪತ್ರ ತುಂಬಿದ್ದವು, ಮನೆಯಲ್ಲಿ ಒಂದೇ ಬಲ್ಬು. ಅಮ್ಮ ಮೇರಿ ಇಡೀ ನಾಟಕ ಇದು ಮನೆಯೇ ಅಲ್ಲ ಅಂತಿರುತ್ತಾಳೆ.

ಬರೆದವನ ಬದುಕೂ ಹಾಗೇ. ಹುಟ್ಟಿದ್ದು 1888ರಲ್ಲಿ ನ್ಯೂಯಾರ್ಕಿನ ಒಂದು ಹೋಟೆಲಿನಲ್ಲಿ, ತೀರಿಕೊಂಡಿದ್ದು 1953ರಲ್ಲಿ ಬೋಸ್ಟನ್ನಿನ ಒಂದು ಹೋಟೆಲಿನಲ್ಲಿ. ಈ ನಾಟಕವನ್ನು ನಾನು ಸತ್ತು 25 ವರ್ಷ ಆಗೋವರೆಗೆ ಅಚ್ಚು ಹಾಕಬೇಡಿ ಅಂದಿದ್ದ. ಅಷ್ಟು ಹತ್ತಿರದ್ದು ಅದು. ಹೆಂಡತಿ 1956ರಲ್ಲೇ ಹೊರಗೆ ಬಿಟ್ಟಳು. ಮೊದಲು ರಂಗಕ್ಕೆ ಬಂದಿದ್ದು ಸ್ಟಾಕ್‌ಹೋಮ್‌ನಲ್ಲಿ.

ಬೆಳ್ಳಿಚುಕ್ಕಿ
ಇಷ್ಟು ಹೊತ್ತು ಮನೆ ಮನೆ ಅಂತ ಮಾತಾಡಿದಿರಿ. ಮನೆಯೊಳಗೆ ಇದ್ದವರ ಬಗ್ಗೆ ಎರಡು ಮಾತು. ವಿಲ್ಲಿ ತಪ್ಪಾ ಹಾವರ್ಡ್ ತಪ್ಪಾ ಅಂತ ಗಂಡಸರ ಲೆಕ್ಕವೇ ಜಾಸ್ತಿ ಆಯಿತು. ಲಿಂಡಾ ಆ ಮನೆಯ ಲೆಕ್ಕ ಪೈಸೆ ಪೈಸೆ ಬಲ್ಲವಳು. ಗಂಡ ಸಾಯೋಕೆ ಅಂತ ಗ್ಯಾಸ್ ಹೀಟರ್ ಹಿಂದೆ ರಬ್ಬರ್ ಪೈಪ್ ಬಚ್ಚಿಟ್ಟಿದ್ದಾನೆ ಅಂತಲೂ ಅವಳಿಗೆ ಗೊತ್ತು. ದಿನಾ ತೆಗೆದಿಡುತ್ತಾಳೆ, ಅವನು ಬರೋ ಹೊತ್ತಿಗೆ ವಾಪಸ್ ಅಲ್ಲೇ ಇಡುತ್ತಾಳೆ. ಅವಮಾನ ಆಗಬಾರದು ಅಂತ. ಒಬ್ಬ ಹೆಂಗಸು ಇದನ್ನು ದಿನವೂ ಮಾಡ್ತಾ ಪಲ್ಯಕ್ಕೆ ಒಗ್ಗರಣೆ ಹಾಕೋದು ಹೇಗೆ ಅಂತ ಯೋಚಿಸಿ ನೋಡಿ.

ಇದಕ್ಕೂ ಹಿಂದೆ 1916ರಲ್ಲಿ ಸೂಸನ್ ಗ್ಲಾಸ್ಪೆಲ್ ಬರೆದ ಟ್ರೈಫಲ್ಸ್ ಓದಿ. ಒಂದೇ ಅಂಕ, ಅರ್ಧ ಗಂಟೆ. ಗಂಡನ ಕುತ್ತಿಗೆಗೆ ಹಗ್ಗ ಬಿಗಿದು ಕೊಂದಳು ಅಂತ ಒಬ್ಬಳನ್ನು ಹಿಡಿದಿದ್ದಾರೆ. ಗಂಡಸರು ಮಹಡಿ, ದನದ ಕೊಟ್ಟಿಗೆ ಎಲ್ಲಾ ಹುಡುಕುತ್ತಾರೆ. ಅಡುಗೆಮನೆಯಲ್ಲಿ ಏನಿರುತ್ತೆ ಬಿಡಿ ಅಂತಾರೆ. ಜೊತೆಗೆ ಬಂದ ಇಬ್ಬರು ಹೆಂಗಸರು ಅಲ್ಲೇ ಕೂತು, ಅವಳು ಹೊಲಿಯುತ್ತಿದ್ದ ಕೌದಿಯಲ್ಲಿ ಒಂದು ಕಡೆ ಹೊಲಿಗೆ ದಿಕ್ಕೆಟ್ಟಿರೋದನ್ನು ಕಾಣುತ್ತಾರೆ. ಆಮೇಲೆ ಹೊಲಿಗೆ ಡಬ್ಬದಲ್ಲಿ ಕುತ್ತಿಗೆ ಮುರಿದ ಹಕ್ಕಿ. ಗಂಡ ಕೊಂದಿದ್ದು. ಇಬ್ಬರೂ ಸುಮ್ನೆ ಅದನ್ನು ಬಚ್ಚಿಡುತ್ತಾರೆ. ಗ್ಲಾಸ್ಪೆಲ್ ಅಯೋವಾದಲ್ಲಿ ಪತ್ರಿಕೆ ವರದಿಗಾರ್ತಿ ಆಗಿದ್ದಾಗ ನಿಜವಾದ ಅಂಥ ಕೇಸು ಬರೆದಿದ್ದಳು. ಅಲ್ಲಿ ಆಗ ಜ್ಯೂರಿಯಲ್ಲಿ ಹೆಂಗಸರಿಗೆ ಜಾಗವೇ ಇರಲಿಲ್ಲ.

ಮೇಷ್ಟ್ರು_ನಿವೃತ್ತ
ಒಪ್ಪಿದೆ ತಾಯಿ. ಇಷ್ಟು ವರ್ಷ ಪಾಠ ಮಾಡಿಯೂ ಆ ಪೈಪಿನ ಬಗ್ಗೆ ಹೀಗೆ ಯೋಚಿಸಿರಲಿಲ್ಲ.

ಓದುಬಾಕ
ಸ್ವಲ್ಪ ಬೇರೆ ವಿಷಯ. 1983ರಲ್ಲಿ ಮಿಲ್ಲರ್ ಬೀಜಿಂಗ್‌ಗೆ ಹೋಗಿ ಚೀನೀ ನಟರಿಂದಲೇ ಸೇಲ್ಸ್‌ಮನ್ ಆಡಿಸಿದ. ಅನುವಾದ ಮಾಡಿ ವಿಲ್ಲಿ ಪಾತ್ರವನ್ನೂ ಮಾಡಿದ್ದು ಯಿಂಗ್ ರುವೊಚೆಂಗ್. ಊರೂರು ಸುತ್ತಿ ಮಾರುವ ಸೇಲ್ಸ್‌ಮನ್, ಜೀವವಿಮೆ ಎರಡೂ ಆಗ ಅಲ್ಲಿಯ ಜನಕ್ಕೆ ಹೆಚ್ಚುಕಡಿಮೆ ಗೊತ್ತೇ ಇಲ್ಲ. ಆದರೂ ನಾಟಕ ತಾಗಿತು. ಮಗ ದೊಡ್ಡ ಮನುಷ್ಯ ಆಗಬೇಕು ಅನ್ನೋ ಅಪ್ಪ ಎಲ್ಲಾ ಕಡೆ ಇದ್ದಾನಲ್ಲ.

ತುಂಗೆಯದಡ
ಕಡ್ಲೆಕಾಯಿ ಅವರಿಗೆ ಉತ್ತರ ಬಾಕಿ ಇದೆ. ಚಾರ್ಲಿ ಕೆಲಸ ಯಾಕೆ ಬೇಡ ಅಂದ? ಒಪ್ಪಿಕೊಂಡರೆ 34 ವರ್ಷ ಒಂದೇ ಕಂಪನಿಗೆ ದುಡಿದದ್ದು ಸುಳ್ಳಾಯಿತು ಅಂತ ಒಪ್ಪಿದ ಹಾಗೆ. ಕೈಸಾಲ ಅಂದರೆ ಮುಂದೆ ತೀರಿಸುತ್ತೇನೆ ಅನ್ನಬಹುದು. ನನ್ನ ಕೆಲಸ ಹೋದಾಗ ಭಾವ ಅವರ ಅಂಗಡಿಗೆ ಬಾ ಅಂದರು. ನಾನೂ ಹೋಗಲಿಲ್ಲ. ಎಂಟು ತಿಂಗಳು ಹೋಗಲಿಲ್ಲ. ಆಮೇಲೆ ಹೋದೆ.

ಇನ್ನೊಂದು, ಆಗಸ್ಟ್ ವಿಲ್ಸನ್‌ನ ಫೆನ್ಸಸ್ ಈ ಪಟ್ಟಿಗೆ ಸೇರಬೇಕು. ಪಿಟ್ಸ್‌ಬರ್ಗ್, 1957. ಟ್ರಾಯ್ ಕಸದ ಲಾರಿ ಹಿಂದೆ ಓಡುವವನು. ಬಿಳಿಯರೇ ಯಾಕೆ ಡ್ರೈವರು, ಕಪ್ಪು ಜನವೇ ಯಾಕೆ ಕಸ ಎತ್ತೋದು ಅಂತ ಕೇಳಿ ಡ್ರೈವರ್ ಆಗುತ್ತಾನೆ. ಅವನ ಮನೆ ಆಗಿದ್ದು ಹೇಗೆ ಗೊತ್ತಾ? ಯುದ್ಧದಲ್ಲಿ ತಮ್ಮ ಗೇಬ್ರಿಯಲ್ ತಲೆಗೆ ಏಟು ಬಿದ್ದು, ಒಳಗೆ ಲೋಹದ ತಟ್ಟೆ ಕೂರಿಸಿದ್ದಾರೆ, ಬುದ್ಧಿ ಸ್ಥಿಮಿತದಲ್ಲಿಲ್ಲ. ಅವನಿಗೆ ಸರ್ಕಾರ ಕೊಟ್ಟ 3,000 ಡಾಲರ್‌ನಿಂದ. ತಮ್ಮನ ತಲೆ ಒಡೆಯದಿದ್ದರೆ ನನಗೆ ಸೂರು ಇರುತ್ತಿರಲಿಲ್ಲ ಅಂತ ಟ್ರಾಯ್‌ಗೆ ಗೊತ್ತು. ಅದೇ ಅವನ ನಾಚಿಕೆ, ಅದೇ ಅವನ ಸಿಟ್ಟು. 1987ರಲ್ಲಿ ಬ್ರಾಡ್‌ವೇಗೆ ಬಂತು, ಆ ವರ್ಷದ ಪುಲಿಟ್ಜರ್ ಬಹುಮಾನ ಅದಕ್ಕೇ.

ಕಡ್ಲೆಕಾಯಿ
ಎಂಟು ತಿಂಗಳು ಅಂದಿರಲ್ಲ, ಉತ್ತರ ಸಿಕ್ಕಿತು. ವಾದ ಇಲ್ಲಿಗೆ ನಿಲ್ಲಿಸ್ತೀನಿ. ವಿಲ್ಲಿ ಮಾಡಿದ್ದನ್ನು ನಾನಿನ್ನೂ ಸರಿ ಅನ್ನಲ್ಲ. ಆದರೆ ಮೂರ್ಖ ಅಂತಲೂ ಅನ್ನಲ್ಲ.

ರಂಗದಹಿಂದೆ
ಒಂದು ಮಾತು ಸೇರಿಸಲಾ? ಮಿಲ್ಲರ್ 1948ರಲ್ಲಿ ಕನೆಕ್ಟಿಕಟ್‌ನಲ್ಲಿ ತನ್ನ ಕೈಯಾರೆ ಒಂದು ಪುಟ್ಟ ಮರದ ಕೋಣೆ ಕಟ್ಟಿಕೊಂಡ. ಕಟ್ಟಿ ಮುಗಿಸಿ ಅದರೊಳಗೆ ಕೂತು ಸೇಲ್ಸ್‌ಮನ್‌ನ ಮೊದಲ ಅಂಕವನ್ನು ಒಂದು ಹಗಲು ಒಂದು ರಾತ್ರಿಯಲ್ಲಿ ಬರೆದ. ವಿಲ್ಲಿಗೂ ಕೈಕೆಲಸ ಬಲು ಇಷ್ಟ. ಮನೆಯ ಸೀಲಿಂಗ್ ಅವನೇ ಹಾಕಿದ್ದು. ಮನೆ ಮುಂದಿನ ಮೆಟ್ಟಿಲು ಅವನೇ ಕಟ್ಟಿದ್ದು. ಅವನು ಮಾರಿದ ಸರಕಿಗಿಂತ ಆ ಮೆಟ್ಟಿಲಲ್ಲೇ ಅವನು ಜಾಸ್ತಿ ಇದ್ದಾನೆ ಅಂತ ಮಗ ಬಿಫ್ ಗೋರಿ ಹತ್ತಿರ ಹೇಳುತ್ತಾನೆ. ಸಿಮೆಂಟು ಕಲಸಲು ಕೊಟ್ಟರೆ ಅವನಷ್ಟು ಖುಷಿಯ ಮನುಷ್ಯ ಇಲ್ಲ ಅಂತ ಚಾರ್ಲಿ.

ಕಂಬಳಿಹುಳ
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಕೊನೆಯ ದೃಶ್ಯ ಇನ್ನೊಮ್ಮೆ ಓದಿದೆವು. ಈ ಸಲ ಲಿಂಡಾ ಮಾತು ನಾನೇ ಓದಿದೆ, ಪೂರ್ತಿ. ಮೆಟ್ಟಿಲಿನ ಮಾತು ಬಂದಾಗ ಮಗಳು ನಿಲ್ಲಿಸಿ, ಅಜ್ಜ ಕಟ್ಟಿದ ನಮ್ಮ ಹಿತ್ತಲ ಬಟ್ಟೆ ಒಗೆಯೋ ಕಟ್ಟೆ ಎಷ್ಟು ಹಳೆಯದು ಅಂತ ಕೇಳಿದಳು. ನನಗೆ ಇಸವಿ ನೆನಪಿಲ್ಲ. ಬೆಳಗ್ಗೆ ಹೋಗಿ ನೋಡಿದೆ, ಸಿಮೆಂಟಿನ ಮೂಲೆಯಲ್ಲಿ ಅಪ್ಪ ಕಡ್ಡಿಯಲ್ಲಿ ಗೀಚಿದ್ದಾರೆ, 1981.

ನಾಳೆಯಿಂದ ಫೆನ್ಸಸ್ ಶುರು. ಟ್ರಾಯ್ ಪಾತ್ರ ತನಗೇ ಬೇಕಂತೆ.

ತುಂಗೆಯದಡ
ಓದಿ ಮೇಡಂ. ಒಂದೇ ಒಂದು ಸೂಚನೆ. ಕೊನೆಯಲ್ಲಿ ಗೇಬ್ರಿಯಲ್ ಅಣ್ಣನಿಗೆ ಸ್ವರ್ಗದ ಬಾಗಿಲು ತೆರೆಸೋಕೆ ತುತ್ತೂರಿ ಊದುತ್ತಾನೆ. ಅದಕ್ಕೆ ಬಾಯಿಗಿಡುವ ಭಾಗವೇ ಇಲ್ಲ, ಸ್ವರ ಬರಲ್ಲ. ಮೂರು ಸಲ ಊದುತ್ತಾನೆ. ಅಲ್ಲಿ ಓದೋಕೆ ಮಾತು ಸಿಗಲ್ಲ, ರಂಗಸೂಚನೆ ಮಾತ್ರ ಇದೆ. ಅದನ್ನು ಬಿಡಬೇಡಿ, ಅದನ್ನೂ ಜೋರಾಗಿ ಓದಿ.